ಸಶಸ್ತ್ರ ಪೊಲೀಸರ ನಿಗಾ ಕಾರ್ಯಾಚರಣೆಯ ತರಬೇತಿಯಲ್ಲಿ ಮೊದಲು ಏನನ್ನು ಸುಧಾರಿಸಬೇಕು?

ಗುರಿ ಹಿಡಿಯುವ ಅಭ್ಯಾಸಕ್ಕಿಂತ, ಹಿಂಬಾಲಿಸುವವರಿಗೂ ಬಂದೂಕು ಹಿಡಿದವರಿಗೂ ನಡುವಿನ ಮಾತನ್ನು ಸರಿಪಡಿಸಬೇಕು. 2005ರ ಜುಲೈ 22ರಂದು ಲಂಡನ್ನಿನ ಸ್ಟಾಕ್‌ವೆಲ್ ನಿಲ್ದಾಣದಲ್ಲಿ ಪೊಲೀಸರು ಬಾಂಬರ್ ಎಂದು ತಪ್ಪು ತಿಳಿದು ಕೊಂದ ಬ್ರೆಜಿಲ್‌ನ ಎಲೆಕ್ಟ್ರಿಷಿಯನ್ ಮನೆಯಿಂದ ಹೊರಬಂದ ಕ್ಷಣದಲ್ಲಿ, ಕ್ಯಾಮೆರಾ ಹಿಡಿದು ಕಾಯುತ್ತಿದ್ದವನು ಮೂತ್ರ ವಿಸರ್ಜನೆಯಲ್ಲಿದ್ದ. ಹೀಗಾಗಿ ಹೊರಬಂದವನು ಶಂಕಿತನೇ ಎಂದು ಅವನಿಗೆ ಖಚಿತವಾಗಿ ಗುರುತಿಸಲಾಗಲಿಲ್ಲ; ಆ ಅರೆಬರೆ ಗುರುತೇ ಮುಂದೆ ಬಂದೂಕು ಹಿಡಿದವರಿಗೆ ಖಚಿತವೆಂಬಂತೆ ಸಾಗಿತು. ದಾವಣಗೆರೆಯ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಶಂಕಿತನೊಬ್ಬ ಚಿತ್ರದುರ್ಗದ ಬಸ್ ಹತ್ತಿದರೆ ಗೊಂದಲ ಇದಕ್ಕಿಂತ ಕಡಿಮೆಯೇನೂ ಆಗದು. ಆದ್ದರಿಂದ ಎರಡೂ ತಂಡಗಳು ಒಟ್ಟಿಗೆ ಅಭ್ಯಾಸ ಮಾಡಬೇಕು, 'ಅನುಮಾನ' ಮತ್ತು 'ಖಚಿತ' ಎಂಬುದಕ್ಕೆ ರೇಡಿಯೊದಲ್ಲಿ ನಿಗದಿತ ಪದಗಳಿರಬೇಕು, ಶಂಕಿತನನ್ನು ಎಲ್ಲಿ ತಡೆಯಬೇಕೆಂಬುದನ್ನು ಒಬ್ಬನೇ ಅಧಿಕಾರಿ ಮುಂಚಿತವಾಗಿ ತೀರ್ಮಾನಿಸಿರಬೇಕು. ಎನ್‌ಕೌಂಟರ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ಮಾರ್ಗಸೂಚಿಗಳು ಬಹುಪಾಲು ಗುಂಡು ಹಾರಿದ ನಂತರದ ತನಿಖೆಗೆ ಸಂಬಂಧಿಸಿದವು; ಗುಂಡು ಹಾರುವ ಮೊದಲಿನ ಈ ಸಿದ್ಧತೆ ತರಬೇತಿಯಲ್ಲೇ ಆಗಬೇಕು.