ಅರ್ಧಕ್ಕೆ ಬಿಟ್ಟ ಚಾರಣ: ಮತ್ತೆ ಹೊರಡೋದು ಎಲ್ಲಿಂದ?

ಪ್ರಶ್ನೆ: ಸರ್, ನನಗೆ 43 ವರ್ಷ. ಊರು ದಾವಣಗೆರೆ, ಈಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇನೆ. ಕಳೆದ ಆಗಸ್ಟ್‌ನಲ್ಲಿ ಗೆಳತಿಯ ಜೊತೆ ಜಾನ್ ಮ್ಯೂರ್ ಟ್ರೇಲ್‌ಗೆ ಹೊರಟಿದ್ದೆ. ಯೊಸೆಮಿಟಿ ಕಣಿವೆಯಿಂದ ವಿಟ್ನಿ ಶಿಖರದವರೆಗೆ ಪೂರ್ತಿ ನಡೆಯುವ ಆಸೆ. ದಿನಕ್ಕೆ 22 ಕಿಲೋಮೀಟರ್ ಲೆಕ್ಕ ಹಾಕಿ, ನಡುದಾರಿಯಲ್ಲಿ ಊಟ ತುಂಬಿಕೊಳ್ಳುವ ಜಾಗವಾದ ಮ್ಯೂರ್ ಟ್ರೇಲ್ ರಾಂಚ್‌ವರೆಗೆ ಎಲ್ಲೂ ನಿಲ್ಲಬಾರದು ಅಂತ ಎಂಟು ದಿನದ ಊಟ ಹೊತ್ತಿದ್ದೆ. ಬ್ಯಾಗು 19 ಕಿಲೋ. ನಾಲ್ಕನೇ ದಿನ ಇಳಿಜಾರಿನಲ್ಲಿ ಎಡ ಮಂಡಿಯ ಹೊರಬದಿ ಚುಚ್ಚೋಕೆ ಶುರುವಾಯ್ತು. ಐದನೇ ದಿನ ರೆಡ್ಸ್ ಮೆಡೋ ತಲುಪುವಷ್ಟರಲ್ಲಿ ಕಾಲು ಮಡಚೋಕೇ ಆಗಲಿಲ್ಲ. ನಾನು ಬಸ್ ಹತ್ತಿ ಮ್ಯಾಮತ್ ಲೇಕ್ಸ್‌ಗೆ ಬಂದೆ, ಗೆಳತಿ ಮುಗಿಸಿಕೊಂಡು ಬಂದಳು. ವರ್ಷವಿಡೀ ವಾರವಾರ ಇಲ್ಲಿನ ಮಿಷನ್ ಪೀಕ್ ಗುಡ್ಡ ಹತ್ತಿ ತಯಾರಾಗಿದ್ದೆ, ಆದರೂ ಹೀಗಾಯ್ತು. "ನೋಡಾಯ್ತಲ್ಲ, ಸಾಕು ಬಿಡು" ಅಂತಾರೆ ನಮ್ಮ ಮನೆಯವರು. ನನಗೆ ಬಿಡೋಕಾಗ್ತಿಲ್ಲ. ಮುಂದಿನ ವರ್ಷ ಮತ್ತೆ ಹೋಗಬಹುದಾ? ಬಿಟ್ಟಲ್ಲಿಂದ ಶುರು ಮಾಡಿದರೆ ಅದು ಪೂರ್ತಿ ಅನ್ನಿಸಿಕೊಳ್ಳಲ್ಲ ಅಂತ ಗೆಳತಿ ಹೇಳ್ತಾಳೆ. ಹೌದಾ?

ಉತ್ತರ: ಹೋಗಿ. ರೆಡ್ಸ್ ಮೆಡೋದಿಂದಲೇ ಹೊರಡಿ. ಆದರೆ ಅದಕ್ಕೂ ಮುಂಚೆ ನಿಮ್ಮ ಮಂಡಿಯ ಮೇಲಿರುವ ಅಪವಾದ ತೆಗೆಯೋಣ.

ನಿಮ್ಮ ಪತ್ರದಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು ಮಂಡಿಯಲ್ಲ, 19 ಕಿಲೋ. ದಿನಕ್ಕೆ 750 ಗ್ರಾಂ ಹಿಡಿದರೂ ಎಂಟು ದಿನದ ಊಟ ಆರು ಕಿಲೋ ಆಯ್ತು. ಕರಡಿ ಕಾಟಕ್ಕೆ ಅಂತ ಕಡ್ಡಾಯ ಮಾಡಿರುವ ಬೇರ್ ಕ್ಯಾನಿಸ್ಟರ್ (ಊಟ ತುಂಬಿಡುವ ಗಟ್ಟಿ ಡಬ್ಬಿ) ಖಾಲಿ ಇದ್ದರೂ ಸಾಮಾನ್ಯವಾಗಿ ಒಂದು ಕಿಲೋ ತೂಗುತ್ತೆ. ಇಷ್ಟು ಹೊತ್ತು, ದಾರಿ ಶುರುವಾಗುವ ಹ್ಯಾಪಿ ಐಲ್ಸ್‌ನ 1,230 ಮೀಟರಿನಿಂದ ಡೊನೊಹ್ಯೂ ಪಾಸ್‌ನ (ಪಾಸ್ ಅಂದರೆ ಬೆಟ್ಟಸಾಲು ದಾಟುವ ಜಾಗ) 3,370 ಮೀಟರಿಗೆ ಹತ್ತಿದ್ದೀರಿ. ಹತ್ತುವಾಗ ಮಂಡಿ ಸುಮ್ಮನಿತ್ತು. ಡೊನೊಹ್ಯೂ ದಾಟಿದ ಮೇಲೆ ದಾರಿಯ ಸ್ವಭಾವವೇ ಬೇರೆ. ಥೌಸಂಡ್ ಐಲ್ಯಾಂಡ್ ಲೇಕ್, ಗಾರ್ನೆಟ್ ಲೇಕ್, ಆಮೇಲೆ ಶ್ಯಾಡೋ ಲೇಕ್‌ಗೆ ಕಡಿದಾದ ಇಳಿಜಾರು, ಮತ್ತೆ ರೋಸಲಿ ಲೇಕ್‌ಗೆ ಏರು, ಕೊನೆಗೆ ಡೆವಿಲ್ಸ್ ಪೋಸ್ಟ್‌ಪೈಲ್ ಕಡೆಗೆ ಉದ್ದದ ಇಳಿಕೆ. ನಿಮ್ಮ ನಾಲ್ಕನೇ ದಿನ, ಐದನೇ ದಿನ ಅಂದರೆ ಇದೇ. ಆ ಹೊರೆಗೆ, ಆ ವೇಗಕ್ಕೆ ಮಂಡಿ ತಕರಾರು ತೆಗೆದದ್ದರಲ್ಲಿ ಆಶ್ಚರ್ಯವೇನಿಲ್ಲ.

ಇಳಿಯುವಾಗ ಮಂಡಿಯ ಹೊರಬದಿ ನೋವು ಅಂದರೆ ಮೊದಲ ಅನುಮಾನ ಐಟಿ ಬ್ಯಾಂಡ್ ಮೇಲೆ. ಸೊಂಟದಿಂದ ತೊಡೆಯ ಹೊರಗಿನಿಂದ ಮಂಡಿಯ ಕೆಳಗಿನವರೆಗೆ ಇಳಿಯುವ ಗಟ್ಟಿ ಪಟ್ಟಿ ಅದು. ಪತ್ರ ಓದಿ ಪಕ್ಕಾ ಹೇಳುವ ವಿಷಯ ಅಲ್ಲ, ಒಬ್ಬ ಫಿಸಿಯೋಥೆರಪಿಸ್ಟ್ ಕೈಯಿಟ್ಟು ನೋಡಲಿ. ಮಿಷನ್ ಪೀಕ್ ಏನೂ ಕೆಟ್ಟ ತಯಾರಿಯಲ್ಲ. ಆದರೆ ಅಲ್ಲಿ ಎಲ್ಲರೂ ಮಾಡೋದು ಒಂದೇ ಅಲ್ವಾ? ಏದುಸಿರು ಬಿಟ್ಟು ಹತ್ತೋದು, ಮೇಲಿನ ಕಂಬದ ಹತ್ತಿರ ಫೋಟೋ ತೆಗೆಸಿಕೊಳ್ಳೋದು, ಬರಿ ಬೆನ್ನಲ್ಲಿ ದಡದಡ ಇಳಿಯೋದು. ಎದೆಗೆ ದಮ್ಮು ಬರುತ್ತೆ, ಭಾರ ಹೊತ್ತು ಇಳಿಯುವ ಅಭ್ಯಾಸ ತೊಡೆಗೆ ಬರಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮೆಟ್ಟಿಲ ಅಂಚಿನಲ್ಲಿ ಎಡಗಾಲಲ್ಲಿ ನಿಲ್ಲಿ. ಬಲಗಾಲಿನ ಹಿಮ್ಮಡಿಯನ್ನು ಕೆಳಗಿನ ಮೆಟ್ಟಿಲಿಗೆ ತಾಗಿಸಿ. ದೊಪ್ಪನೆ ಅಲ್ಲ, ಮೂರು ಎಣಿಸುವಷ್ಟು ನಿಧಾನಕ್ಕೆ. ಎದುರಿಗೊಂದು ಕನ್ನಡಿ ಇರಲಿ. ಎಡ ಮಂಡಿ ಒಳಗಡೆ ವಾಲುತ್ತಾ? ಸೊಂಟ ಒಂದು ಕಡೆ ಕುಸಿಯುತ್ತಾ? ಹಾಗಾದರೆ ಸೊಂಟದ ಪಕ್ಕದ ಸ್ನಾಯುಗಳಿಗೆ ಬಲ ಸಾಲದು ಅಂತಲೇ ತಿಳಿಯಿರಿ. ನೋವಿಲ್ಲದಿದ್ದರೆ ಇದೇ ವ್ಯಾಯಾಮವನ್ನು ವಾರಕ್ಕೆ ಮೂರು ದಿನ ಮಾಡಿ, ಎರಡೂ ಕಾಲಿಗೆ. ಕೆಲವು ವಾರ ಕಳೆದ ಮೇಲೆ ಬ್ಯಾಗು ಹಾಕಿಕೊಂಡು ಮಾಡಿ. ಎರಡು ವಾಕಿಂಗ್ ಪೋಲ್ ಇಲ್ಲದೆ ಮಾತ್ರ ಈ ದಾರಿಗೆ ಹೋಗಲೇಬೇಡಿ.

ಇನ್ನು ಊಟದ ವಿಷಯ. ನಿಲ್ಲದೆ ಹೋಗಬೇಕು ಅನ್ನುವ ಹಟ ಯಾಕೆ? ಈ ಸಲ ದಿನಕ್ಕೆ 16 ಕಿಲೋಮೀಟರ್ ಸಾಕು. ರೆಡ್ಸ್ ಮೆಡೋದಿಂದ ಮ್ಯೂರ್ ಟ್ರೇಲ್ ರಾಂಚ್‌ಗೆ ಐದು ದಿನ. ಅಲ್ಲಿಗೆ ಬಕೆಟ್ಟಿನಲ್ಲಿ ಊಟ ತುಂಬಿ ವಾರಗಟ್ಟಲೆ ಮುಂಚೆ ಪೋಸ್ಟ್ ಮಾಡಬೇಕು (ಶುಲ್ಕ ಕೇಳಿ ಹೌಹಾರಬೇಡಿ). ಅಲ್ಲಿಂದ ಮುಂದೆ ದಾರಿಗೆ ರಸ್ತೆಯ ಸಂಪರ್ಕವೇ ಇಲ್ಲ. ಒಂದೇ ಹೊರೆಯಲ್ಲಿ ಕೊನೆತನಕ ಹೋಗುವ ಗಟ್ಟಿಗರಿದ್ದಾರೆ. ನೀವು ಹಾಗೆ ಮಾಡಬೇಡಿ. ರಾಂಚ್ ಬಿಟ್ಟ ಏಳನೇ ದಿನದ ಹೊತ್ತಿಗೆ ಟ್ರೇಲ್ ಬಿಟ್ಟು ಪಕ್ಕದ ಕಿಯರ್‌ಸಾರ್ಜ್ ಪಾಸ್ ದಾಟಿ, ಕಾರು ಬರುವ ಆನಿಯನ್ ವ್ಯಾಲಿಗೆ ಇಳಿದು, ಮನೆಯವರು ಕಾರಿನಲ್ಲಿ ತಂದ ಊಟ ತುಂಬಿಕೊಂಡು ವಾಪಸ್ ಹತ್ತಿ. ಒಂದು ದಿನ ಜಾಸ್ತಿ ಹಿಡಿಯುತ್ತೆ, ಬೆನ್ನಿಗೆ ಸುಮಾರು ಮೂರು ಕಿಲೋ ಕಮ್ಮಿ ಆಗುತ್ತೆ. ಒಟ್ಟು ಮೂರು ವಾರ ರಜೆ ಬೇಕು.

ಬ್ಯಾಗು 14 ಕಿಲೋ ಮೀರದಿರಲಿ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಹೊಂದುವ ಸಾಮಾನು ಬೇಕಾದಷ್ಟಿದೆ. ಶೇಂಗಾ 100 ಗ್ರಾಂಗೆ ಹೆಚ್ಚುಕಮ್ಮಿ 570 ಕ್ಯಾಲೊರಿ ಕೊಡುತ್ತೆ, ಅವಲಕ್ಕಿ 350. ಅವಲಕ್ಕಿ ಡಬ್ಬಿಯಲ್ಲಿ ಜಾಗ ತಿನ್ನುತ್ತೆ, ಸ್ವಲ್ಪ ಪುಡಿ ಮಾಡಿ ಒತ್ತಿ ತುಂಬಿ. ತಣ್ಣೀರಲ್ಲಿ ನೆನೆಸಿ, ಚಟ್ನಿಪುಡಿ, ಒಂದು ಚಮಚ ಎಣ್ಣೆ ಹಾಕಿದರೆ ಸ್ಟವ್ ಹಚ್ಚದೆ ಮಧ್ಯಾಹ್ನದ ಊಟ ಮುಗಿಯುತ್ತೆ.

ಎಲ್ಲಿಂದ ಶುರು ಅನ್ನೋದಕ್ಕೆ ಬರ್ತೀನಿ. ಅಮೆರಿಕದ ಪೂರ್ವ ಭಾಗದ ಅಪಲೇಚಿಯನ್ ಟ್ರೇಲ್ ಸುಮಾರು 3,500 ಕಿಲೋಮೀಟರ್. ಅದನ್ನು ನೋಡಿಕೊಳ್ಳುವ ಸಂಸ್ಥೆ ಒಂದೇ ಸಲಕ್ಕೆ ಮುಗಿಸಿದವರಿಗೂ, ಹತ್ತಾರು ವರ್ಷ ತುಂಡು ತುಂಡಾಗಿ ಮುಗಿಸಿದವರಿಗೂ ಒಂದೇ ಮನ್ನಣೆ ಕೊಡುತ್ತೆ. ಅಷ್ಟು ದೊಡ್ಡ ದಾರಿಗೆ ಇಲ್ಲದ ಮಡಿ ನಿಮ್ಮ 340 ಕಿಲೋಮೀಟರಿಗೆ ಯಾಕೆ? ಪರ್ಮಿಟ್ ವಿಷಯದಲ್ಲೂ ಲಾಭವಿದೆ. ಯೊಸೆಮಿಟಿಯಿಂದ ಹೊರಡೋಕೆ ಲಾಟರಿ, ಅದೂ ಕಷ್ಟದ ಲಾಟರಿ. ರೆಡ್ಸ್ ಮೆಡೋ ಬರೋದು ಇನ್ಯೋ ನ್ಯಾಷನಲ್ ಫಾರೆಸ್ಟ್ ಕೆಳಗೆ. ಅಲ್ಲಿ ಪರ್ಮಿಟ್‌ಗಳಲ್ಲಿ ಒಂದು ಪಾಲು ಆರು ತಿಂಗಳು ಮುಂಚೆ, ಇನ್ನೊಂದು ಪಾಲು ಎರಡು ವಾರ ಮುಂಚೆ ಬಿಡುತ್ತಾರೆ. ವಿಟ್ನಿ ಕಡೆ ಇಳಿಯುತ್ತೀರಿ ಅನ್ನೋದನ್ನು ಅರ್ಜಿಯಲ್ಲೇ ಹಾಕಿ.

ಒಂದು ಕಹಿ ಮಾತು. ನೀವು ಮುಗಿಸಿರುವ 95 ಕಿಲೋಮೀಟರ್ ಸಲೀಸಾದ ಭಾಗ. ಮ್ಯೂರ್, ಮೇದರ್, ಪಿಂಚೊ, ಗ್ಲೆನ್ ಪಾಸ್‌ಗಳೆಲ್ಲ 3,600 ಮೀಟರ್ ಮೇಲಿವೆ, ಫಾರೆಸ್ಟರ್ 4,000 ದಾಟುತ್ತೆ. ಪ್ರತಿಯೊಂದನ್ನೂ ಮಧ್ಯಾಹ್ನದ ಗುಡುಗು ಮಿಂಚಿಗೆ ಮುಂಚೆ ದಾಟಬೇಕು. ವಿಟ್ನಿ 4,421 ಮೀಟರ್ ಹತ್ತಿದ ಮೇಲೆ ಇನ್ನೂ 17 ಕಿಲೋಮೀಟರ್ ಬರೀ ಇಳಿಯೋದಿದೆ. ಅದಕ್ಕೇ ಏಪ್ರಿಲ್‌ನಲ್ಲಿ, ನಿಮ್ಮ ಮನೆಗೆ ಹತ್ತಿರದ ಹೆನ್ರಿ ಕೋ ಪಾರ್ಕ್‌ನಲ್ಲಿ, ಪೂರ್ತಿ ಭಾರ ಹೊತ್ತು ಮೂರು ದಿನ ನಡೆಯಿರಿ. ಅಲ್ಲಿಯ ಗುಡ್ಡಗಳು ಕಡಿದು. ಮೂರನೇ ದಿನ ಇಳಿಯುವಾಗ ಮಂಡಿ ಗೊಣಗಿದರೆ ಆ ವರ್ಷ ಬೇಡ, ಅದರ ಮುಂದಿನ ವರ್ಷ ನೋಡೋಣ.

ಯಜಮಾನರ ಕೈಗೆ ಒಂದು ಹಾಳೆ ಕೊಡಿ. ನಡುವೆ ಹೊರಬರುವ ದಾರಿಗಳನ್ನು ಅದರಲ್ಲಿ ಬರೆದಿಡಿ: ಎಡಿಸನ್ ಕೆರೆಯ ವರ್ಮಿಲಿಯನ್ ವ್ಯಾಲಿ, ಬಿಷಪ್ ಪಾಸ್ ಮೇಲಿಂದ ಸೌತ್ ಲೇಕ್, ಕಿಯರ್‌ಸಾರ್ಜ್. ಯಾವ ದಿನ ಯಾವುದಕ್ಕೆ ಹತ್ತಿರ ಇರ್ತೀರಿ ಅಂತಲೂ ಇರಲಿ. ಅವರು ಬೇಡ ಅಂತಿರೋದು ಭಯಕ್ಕೆ ಅನ್ನಿಸುತ್ತೆ, ಮುನಿಸಿಗಲ್ಲ. ಗೆಳತಿಯ ಜೊತೆ ಹೋಗ್ಲೇಬೇಕು ಅಂತೇನೂ ಇಲ್ಲ. ಹೋದರೆ ಹೆಜ್ಜೆ ನಿಮ್ಮದಿರಲಿ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಬ್ಯಾಂಕ್ ನೌಕರ, 61 ವರ್ಷ. ನೇಪಾಳದ ಅನ್ನಪೂರ್ಣ ಸರ್ಕಿಟ್ ಚಾರಣಕ್ಕೆ ಹೋಗಿದ್ದೆ. ಬೇಸಿಸಹರ್‌ನಿಂದ ಜೀಪಿನಲ್ಲಿ ಎರಡೇ ದಿನಕ್ಕೆ ಮನಾಂಗ್ ತಲುಪಿ, ಮಾರನೇ ದಿನವೇ ನಡೆಯಲು ಶುರು ಮಾಡಿದೆವು. ಥೊರೊಂಗ್ ಲಾ ಪಾಸ್‌ನ ಬುಡದ ಥೊರೊಂಗ್ ಫೇದಿಯಲ್ಲಿ ತಲೆ ಸಿಡಿಯುವ ನೋವು, ವಾಂತಿ. ವಾಪಸ್ ಬಂದೆ. ದಿನಾ ಚಾಮುಂಡಿ ಬೆಟ್ಟ ಹತ್ತುವವನು ನಾನು. ಎತ್ತರ ನನಗೆ ಆಗಿಬರಲ್ಲ ಅಂತಾನಾ?

ಉತ್ತರ: ನಿಮಗೆ ಆಗಿಬರದೇ ಇದ್ದಿದ್ದು ಜೀಪು. ಬೇಸಿಸಹರ್ 760 ಮೀಟರ್, ಮನಾಂಗ್ ಸುಮಾರು 3,540. ರಸ್ತೆ ಆಗುವ ಮುಂಚೆ ಇದೇ ದೂರವನ್ನು ಜನ ಒಂದು ವಾರ ನಡೆಯುತ್ತಿದ್ದರು, ಅಷ್ಟರಲ್ಲಿ ಮೈ ಒಗ್ಗುತ್ತಿತ್ತು. ಚಾಮುಂಡಿ ಬೆಟ್ಟದ ಮೆಟ್ಟಿಲು ಕಾಲಿಗೆ ಶಕ್ತಿ ಕೊಡುತ್ತೆ. ಎತ್ತರದ ಕಾಯಿಲೆಗೆ ಅದರಿಂದ ರಕ್ಷಣೆ ಸಿಗಲ್ಲ, ಗಟ್ಟಿಮುಟ್ಟಾದ ಹುಡುಗರಿಗೂ ಅದು ಬರುತ್ತೆ.

ಮತ್ತೆ ಹೋಗಬಹುದು. ಆದರೆ ಅದೇ ವೇಗದಲ್ಲಿ ಹೋದರೆ ಅದೇ ಗತಿ. 3,000 ಮೀಟರ್ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಇರಬೇಕು. ನಡುವಿನ ಚಾಮೆ ಊರಿನವರೆಗೆ ಜೀಪು ಸಾಕು. ಅಲ್ಲೊಂದು ರಾತ್ರಿ ಇದ್ದು, ಅಪ್ಪರ್ ಪಿಸಾಂಗ್ ಮೇಲೆ ನಡೆದು ಮನಾಂಗ್ ಸೇರಿ. ಮನಾಂಗ್‌ನಲ್ಲಿ ಮೂರು ರಾತ್ರಿ ಇರಿ. ಮೈ ಹಗುರ ಅನ್ನಿಸಿದ ದಿನ ಐಸ್ ಲೇಕ್ ಕಡೆಗೆ ಆದಷ್ಟು ಹತ್ತಿ, ಸಂಜೆ ಇಳಿದು ಬಂದು ಮಲಗಿ. ಆಮೇಲೆ ಯಾಕ್ ಖರ್ಕಾ, ಫೇದಿ, ಕೊನೆಗೆ 5,416 ಮೀಟರಿನ ಥೊರೊಂಗ್ ಲಾ.

ಹೊರಡುವ ಮುಂಚೆ ಡಾಕ್ಟರ ಹತ್ತಿರ, ಎತ್ತರದ ಕಾಯಿಲೆ ತಡೆಯೋಕೆ ಕೊಡುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಹೋದ ಸಲ ಕೂತಾಗಲೂ ಉಸಿರು ಕಟ್ಟಿತ್ತಾ, ನಡೆಯುವಾಗ ತೂರಾಡಿದಿರಾ ಅಂತ ನೆನಪಿಸಿಕೊಳ್ಳಿ. ಹಾಗಿದ್ದಿದ್ದರೆ ಅದು ಬರೀ ತಲೆನೋವಲ್ಲ, ಶ್ವಾಸಕೋಶಕ್ಕೋ ಮೆದುಳಿಗೋ ನೀರು ಬರುವ ಲಕ್ಷಣ. ಎತ್ತರದ ಚಿಕಿತ್ಸೆ ಬಲ್ಲ ವೈದ್ಯರು ಸರಿ ಅನ್ನುವವರೆಗೆ ಟಿಕೆಟ್ ಮಾಡಿಸಬೇಡಿ.

ಥೊರೊಂಗ್ ಲಾ ಆಚೆಗಿರುವ ಮುಕ್ತಿನಾಥನ ದರ್ಶನವಷ್ಟೇ ಸಾಕು ಅನ್ನಿಸಿದರೆ ಪೋಖರಾ, ಜೊಮ್ಸೋಮ್ ಮೇಲೆ ಜೀಪು ಹೋಗುತ್ತೆ. ಅದೂ 3,700 ಮೀಟರ್ ಮೇಲಿದೆ, ಜೊಮ್ಸೋಮ್‌ನಲ್ಲಿ ಒಂದು ರಾತ್ರಿ ತಂಗಿ ಹೋಗಿ. ಸರ್ಕಿಟ್‌ಗೇ ಹೋಗೋದಾದರೆ ಅಕ್ಟೋಬರ್ ನೋಡಿ, ವಾಪಸ್ ವಿಮಾನಕ್ಕೆ ಮೂರು ದಿನ ಕೈಯಲ್ಲಿಟ್ಟುಕೊಂಡು ಬುಕ್ ಮಾಡಿ. ಹೋದ ಸಲ ನಿಮ್ಮ ಗುಂಪು ಮಾರನೇ ದಿನವೇ ಮನಾಂಗ್ ಬಿಟ್ಟಿದ್ದು ವಿಮಾನದ ತಾರೀಖು ನೋಡಿಕೊಂಡೇ ಇರಬೇಕು.