ಓದುಗರ ಪ್ರಶ್ನೆ: ಆಗಬೇಕಿದ್ದವರು, ಆಗದೆ ಹೋದವರು

ಪ್ರಶ್ನೆ: ಫುಟ್‌ಬಾಲ್ ಅಭಿಮಾನಿಗಳು ಒಟ್ಟಿಗೆ ಕುಳಿತರೆ ಗೆದ್ದು ಮೆರೆದವರ ಮಾತು ಬೇಗ ಮುಗಿಯುತ್ತದೆ. ಎಳೆಯ ವಯಸ್ಸಿನಲ್ಲಿ ಭರವಸೆ ಮೂಡಿಸಿ ಆಮೇಲೆ ಮರೆಯಾದವರ ಮಾತು ಮಾತ್ರ ಗಂಟೆಗಟ್ಟಲೆ ನಡೆಯುತ್ತದೆ. ಸೋತವರ ಮೇಲೆ ಅಭಿಮಾನಿಗಳಿಗೇಕೆ ಇಷ್ಟು ಮಮತೆ?

ಉತ್ತರ: ಮೆಸ್ಸಿಯವರ ಬಗ್ಗೆ ಊಹಿಸುವುದಕ್ಕೆ ಈಗ ಏನೂ ಉಳಿದಿಲ್ಲ, ಅವರು ಏನೇನು ಮಾಡಬಲ್ಲರೋ ಅದೆಲ್ಲ ದಾಖಲೆಯಲ್ಲಿದೆ. ಬ್ರೆಜಿಲ್‌ನ ಕೆರ್ಲಾನ್ ಅವರ ವಿಷಯ ಹಾಗಲ್ಲ. ಕ್ರುಜೇರೊ ಕ್ಲಬ್‌ನ ಈ ಹುಡುಗ ಚೆಂಡನ್ನು ಕಾಲಿನಿಂದ ಹಣೆಗೆ ಎತ್ತಿಕೊಂಡು, ಅದನ್ನು ನೆಲಕ್ಕೆ ಬೀಳಗೊಡದೆ ಹಣೆಯ ಮೇಲೆಯೇ ಪುಟಿಸುತ್ತ, ಎದುರಾಳಿಗಳ ನಡುವೆ ಓಡುತ್ತಿದ್ದರು. ಸರ್ಕಸ್ಸಿನಲ್ಲಿ ಮೂತಿಯ ಮೇಲೆ ಚೆಂಡು ಆಡಿಸುವ ಸೀಲ್ ಎಂಬ ಕಡಲ ಪ್ರಾಣಿಯ ಹೆಸರಿನಿಂದಲೇ ಕರೆಯಲಾದ ಈ ವಿದ್ಯೆಯನ್ನು ಫೌಲ್ ಮಾಡದೆ ತಡೆಯುವುದು ಹೇಗೆಂದು ಡಿಫೆಂಡರ್‌ಗಳಿಗೆ ತಿಳಿಯುತ್ತಿರಲಿಲ್ಲ. 2007ರಲ್ಲಿ ಅಟ್ಲೆಟಿಕೊ ಮಿನೇರೊ ವಿರುದ್ಧದ ಪಂದ್ಯದಲ್ಲಿ ಹೀಗೆಯೇ ಓಡುತ್ತಿದ್ದಾಗ ಕೊಯೆಲ್ಯೊ ಎಂಬ ಡಿಫೆಂಡರ್ ನೇರವಾಗಿ ಮೈಮೇಲೆ ನುಗ್ಗಿ ಅವರನ್ನು ಕೆಡವಿ, ರೆಡ್ ಕಾರ್ಡ್ ಪಡೆದು ಹೊರನಡೆದರು. ಮುಂದೆ ಇಟಲಿಯ ಇಂಟರ್ ಕ್ಲಬ್ ಕೆರ್ಲಾನ್ ಅವರನ್ನು ಕೊಂಡಿತಾದರೂ ಮೊಣಕಾಲಿನ ಗಾಯಗಳು ಅವರನ್ನು ಬಿಡಲಿಲ್ಲ. ಅವರ ಆಟವನ್ನು ನೆನೆಯುವವರು ಕಂಡದ್ದು ಕೆಲವು ನಿಮಿಷ, ಊಹಿಸಿಕೊಂಡದ್ದು ಇಪ್ಪತ್ತು ವರ್ಷ.

ಊಹೆಗೆ ಆಟಗಾರನೇ ಬೇಕೆಂದೂ ಇಲ್ಲ. ‘ಚಾಂಪಿಯನ್‌ಶಿಪ್ ಮ್ಯಾನೇಜರ್’ ಎಂಬ ಕಂಪ್ಯೂಟರ್ ಆಟದ ಹಳೆಯ ಆವೃತ್ತಿಯಲ್ಲಿ ಮಿಲ್‌ವಾಲ್ ಕ್ಲಬ್‌ನ ಬಾಲಕ ಚೆರ್ನೊ ಸಾಂಬಾ ಜಗತ್ತಿನ ಶ್ರೇಷ್ಠ ಸ್ಟ್ರೈಕರ್ ಆಗಿ ಬೆಳೆಯುತ್ತಿದ್ದರು. ಅವರ ನಿಜವಾದ ಪಂದ್ಯವನ್ನು ಒಂದನ್ನೂ ನೋಡದವರು ಕೂಡ ಇಂದಿಗೂ ಅವರ ಗೋಲುಗಳನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಅದೇ ಆಟದ ಟೊ ಮಡೇರಾ ಎಂಬ ಪೋರ್ಚುಗೀಸ್ ಪ್ರತಿಭೆಯಂತೂ, ಆಟಕ್ಕೆ ಮಾಹಿತಿ ಒದಗಿಸುತ್ತಿದ್ದವನೊಬ್ಬ ತನ್ನನ್ನೇ ಹೋಲುವಂತೆ ಸೇರಿಸಿದ್ದ ಕಲ್ಪಿತ ವ್ಯಕ್ತಿ.

ಪ್ರಶ್ನೆ: ‘ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ’ ಎನ್ನುತ್ತಾರೆ. ಹಾಗಿದ್ದರೆ ಕಿರಿಯರ ವಿಶ್ವಕಪ್‌ನಲ್ಲಿ ಮಿಂಚಿದವರೆಲ್ಲ ಏಕೆ ಬೆಳೆಯುವುದಿಲ್ಲ?

ಉತ್ತರ: 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಶ್ರೇಷ್ಠ ಆಟಗಾರನಿಗೆ ನೀಡುವ ಚಿನ್ನದ ಚೆಂಡಿನ ಪಟ್ಟಿಯನ್ನು ನೋಡಿದರೆ ಈ ಗಾದೆ ಫುಟ್‌ಬಾಲ್‌ಗೆ ಅರ್ಧ ಮಾತ್ರ ಹೊಂದುತ್ತದೆ ಎನಿಸುತ್ತದೆ. 2003ರಲ್ಲಿ ಫ್ಯಾಬ್ರೆಗಾಸ್, 2007ರಲ್ಲಿ ಟೋನಿ ಕ್ರೂಸ್, 2017ರಲ್ಲಿ ಫಿಲ್ ಫೋಡೆನ್ ಅದನ್ನು ಪಡೆದು, ಮುಂದೆ ದೊಡ್ಡ ತಾರೆಗಳೇ ಆದರು. 2009ರಲ್ಲಿ ನೈಜೀರಿಯಾದ ಸಾನಿ ಇಮ್ಯಾನುಯೆಲ್ ಮತ್ತು 2011ರಲ್ಲಿ ಮೆಕ್ಸಿಕೊದ ಹುಲಿಯೊ ಗೋಮೆಸ್ ಕೂಡ ಪಡೆದರು. ಗೋಮೆಸ್ ಅವರು ಜರ್ಮನಿಯ ವಿರುದ್ಧದ ಸೆಮಿಫೈನಲ್‌ನಲ್ಲಿ ತಲೆಗೆ ಪೆಟ್ಟು ಬಿದ್ದು, ದಪ್ಪನೆಯ ಬ್ಯಾಂಡೇಜ್ ಸುತ್ತಿಸಿಕೊಂಡು ಮೈದಾನಕ್ಕೆ ಮರಳಿ, ಪಂದ್ಯ ಮುಗಿಯುವ ಹೊತ್ತಿಗೆ ಗೋಲಿಗೆ ಬೆನ್ನು ಮಾಡಿ ಗಾಳಿಯಲ್ಲಿ ಮಲಗಿದಂತೆ ಹಾರಿ ಒದ್ದ ಚೆಂಡು ತಂಡವನ್ನು ಫೈನಲ್‌ಗೆ ಒಯ್ದಿತು. ಅದನ್ನು ನೋಡಿದವರಿಗೆ ಈ ಹುಡುಗ ಮುಂದೆ ಏನಾಗುತ್ತಾನೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಆದರೆ ಹಿರಿಯರ ಫುಟ್‌ಬಾಲ್‌ನಲ್ಲಿ ಅವರು ದೊಡ್ಡ ಹೆಸರಾಗಲಿಲ್ಲ.

ಇದಕ್ಕೆ ಮುಖ್ಯ ಕಾರಣ ದೇಹದ ಬೆಳವಣಿಗೆಯಲ್ಲಿದೆ. ಹುಟ್ಟಿದ ವರ್ಷವನ್ನು ಆಧರಿಸಿ ಹುಡುಗರನ್ನು ಗುಂಪು ಮಾಡುವಾಗ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ತಂಡಕ್ಕೆ ಸ್ಪರ್ಧಿಸುತ್ತಾರೆ. ಹದಿಹರೆಯದಲ್ಲಿ ಒಂದು ವರ್ಷವೆಂದರೆ ಎತ್ತರ, ವೇಗ, ಬಲಗಳಲ್ಲಿ ಬಹುದೊಡ್ಡ ಅಂತರ. ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿರುವುದು ದೇಶದಿಂದ ದೇಶಕ್ಕೆ ಕಂಡುಬಂದಿರುವ ಸಂಗತಿ. ಒಂದೇ ದಿನ ಹುಟ್ಟಿದ ಇಬ್ಬರಲ್ಲಿಯೂ ಮೂಳೆಗಳ ಬೆಳವಣಿಗೆ ಹಲವು ವರ್ಷಗಳಷ್ಟು ಹಿಂದುಮುಂದಾಗಿರಬಹುದು. ಬೇಗ ಬಲಿತ ಹುಡುಗ ಎದುರಾಳಿಯನ್ನು ತಳ್ಳಿ, ಓಡಿ ಹಿಂದಿಕ್ಕಿ ಗೋಲು ಹೊಡೆಯುತ್ತಾನೆ; ಇಪ್ಪತ್ತೊಂದರಲ್ಲಿ ಉಳಿದವರೂ ಅಷ್ಟೇ ಬಲಿತಾಗ, ಇಕ್ಕಟ್ಟಿನಲ್ಲಿ ಚೆಂಡನ್ನು ಉಳಿಸಿಕೊಳ್ಳುವುದನ್ನು ತಾನು ಕಲಿತೇ ಇಲ್ಲವೆಂಬುದು ಅವನಿಗೆ ತಿಳಿಯುತ್ತದೆ. ಇನ್ನೊಂದು ಬದಿಯಲ್ಲಿ ಜೇಮಿ ವಾರ್ಡಿ ಇದ್ದಾರೆ: ಹದಿನಾರನೆಯ ವಯಸ್ಸಿನಲ್ಲಿ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಅವರನ್ನು ಕೈಬಿಟ್ಟಿತು, 2012ರಲ್ಲಿ ಲೆಸ್ಟರ್ ಸಿಟಿ ಸೇರುವವರೆಗೆ ಅವರು ವೃತ್ತಿಪರ ಲೀಗ್‌ಗಳ ಕೆಳಗಿನ ಹಂತದಲ್ಲೇ ಆಡಿದರು, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದರು. ಮೊಳಕೆಯನ್ನು ನೋಡುವವರ ಕಣ್ಣು ಎರಡು ಕಡೆಗೂ ತಪ್ಪುತ್ತದೆ.

ಪ್ರಶ್ನೆ: ಅಮೆರಿಕದ ಫ್ರೆಡ್ಡಿ ಅಡು ಅವರನ್ನು ಪ್ರಚಾರವೇ ಹಾಳುಮಾಡಿತೇ?

ಉತ್ತರ: ಬಹುಪಾಲು ಹೌದು. ಘಾನಾದಲ್ಲಿ ಹುಟ್ಟಿದ ಅವರು 2004ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಡಿ.ಸಿ. ಯುನೈಟೆಡ್ ಪರವಾಗಿ ವೃತ್ತಿಪರ ಲೀಗ್‌ಗೆ ಇಳಿದರು. ಪೆಲೆ ಅವರೊಂದಿಗೆ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಲೀಗ್‌ಗೆ ಒಂದು ಮುಖ ಬೇಕಿತ್ತು, ಹುಡುಗನಿಗೆ ಕಲಿಯಲು ಕಾಲ ಬೇಕಿತ್ತು, ಗೆದ್ದದ್ದು ಲೀಗ್. ಆದರೆ ಅವರಲ್ಲಿ ಪ್ರತಿಭೆಯೇ ಇರಲಿಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ. 2007ರ 20 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಅವರು ಪೋಲೆಂಡ್ ವಿರುದ್ಧ ಮೂರು ಗೋಲು ಹೊಡೆದಿದ್ದರು. ಅದೇ ವರ್ಷ ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್ ಸೇರಿದ ಮೇಲೆ ಫ್ರಾನ್ಸ್, ಗ್ರೀಸ್, ಟರ್ಕಿ ಎಂದು ಎರವಲು ಆಟಗಾರನಾಗಿ ಅಲೆದರು. ಎಲ್ಲಿಯೂ ಬೇರು ಬಿಡಲಾಗಲಿಲ್ಲ.

ಪ್ರಶ್ನೆ: ಗಾಯಗೊಂಡವರ ಬಗ್ಗೆ ಮರುಕ ಪಡಬಹುದು. ಆದರೆ ಬ್ರೆಜಿಲ್‌ನ ಅಡ್ರಿಯಾನೊ ಅವರಂಥವರು ಶಿಸ್ತಿಲ್ಲದೆ ಕೈಯಾರೆ ಕಳೆದುಕೊಂಡರಲ್ಲವೇ? ಅವರನ್ನೂ ಅದೇ ಸಾಲಿನಲ್ಲಿ ನೆನೆಯುವುದು ಸರಿಯೇ?

ಉತ್ತರ: ಮೊಣಕಾಲಿನ ಗಾಯ ಎಕ್ಸ್‌ರೇ, ಸ್ಕ್ಯಾನ್‌ಗಳಲ್ಲಿ ಕಾಣುತ್ತದೆ, ಮನಸ್ಸಿನದು ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅಭಿಮಾನಿಗಳು ಈ ಎರಡು ಸಾಲುಗಳನ್ನು ಬೇರೆಬೇರೆ ಮಾಡಿಕೊಂಡಿದ್ದಾರೆ. 2004ರ ಕೋಪಾ ಅಮೆರಿಕ ಫೈನಲ್‌ನಲ್ಲಿ ಅರ್ಜೆಂಟೀನಾ ಇನ್ನೇನು ಗೆದ್ದಿತು ಎನ್ನುವ ಕೊನೆಯ ಕ್ಷಣದಲ್ಲಿ ಅಡ್ರಿಯಾನೊ ಅವರ ಎಡಗಾಲು ಗೋಲನ್ನು ಸಮಮಾಡಿತು. ಬ್ರೆಜಿಲ್ ಪೆನಾಲ್ಟಿಗಳಲ್ಲಿ ಗೆದ್ದಿತು. ಕೆಲವೇ ದಿನಗಳಲ್ಲಿ ಅವರ ತಂದೆ ತೀರಿಕೊಂಡರು. ಆಮೇಲಿನ ಕುಡಿತ ಮತ್ತು ಖಿನ್ನತೆಯ ಬಗ್ಗೆ ಅವರೇ ಬಾಯಿಬಿಟ್ಟು ಹೇಳಿಕೊಂಡಿದ್ದಾರೆ. ಆ ಕಾಲದಲ್ಲಿ ಗ್ಯಾಲರಿಗೆ ಕಂಡದ್ದು ತಡವಾಗಿ ಬರುವ, ಮೈ ಬಂದ ಆಟಗಾರ ಮಾತ್ರ.

ಬಾರ್ಸಿಲೋನಾದ ಬೋಯಾನ್ ಕ್ರ್ಕಿಚ್ ಅವರ ಕಥೆ ನನಗೆ ಇದಕ್ಕಿಂತಲೂ ಕಹಿಯಾಗಿ ತೋರುತ್ತದೆ. ಹದಿನೇಳಕ್ಕೆ ಮೊದಲ ತಂಡಕ್ಕೆ ಬಂದ ಅವರನ್ನು ‘ಎರಡನೆಯ ಮೆಸ್ಸಿ’ ಎಂದು ಕರೆದರು. 2008ರಲ್ಲಿ ತೀವ್ರ ಆತಂಕದ ತೊಂದರೆಯಿಂದಾಗಿ ಅವರು ಸ್ಪೇನ್ ಪರವಾಗಿ ಯೂರೊ ಕಪ್‌ಗೆ ಹೋಗಲಾಗಲಿಲ್ಲ. ಹೊರಗೆ ಬಂದ ಸುದ್ದಿ ಬೇರೆಯದೇ ಆಗಿದ್ದರಿಂದ ದೇಶಕ್ಕಾಗಿ ಆಡಲೊಲ್ಲದ ಹುಡುಗನೆಂಬ ಹೆಸರು ಅವರಿಗೆ ಅಂಟಿತು. ನಡೆದದ್ದನ್ನು ಅವರು ಬಿಡಿಸಿ ಹೇಳಿದ್ದು 2018ರಲ್ಲಿ. ಜರ್ಮನಿಯ ಸೆಬಾಸ್ಟಿಯನ್ ಡೈಸ್ಲರ್ ಅವರು ಮೊಣಕಾಲು ಮತ್ತು ಖಿನ್ನತೆ ಎರಡರೊಡನೆಯೂ ಸೆಣಸಿ, 2007ರ ಜನವರಿಯಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ ಆಟವನ್ನೇ ಬಿಟ್ಟರು.

ಹಾಗೆಂದು ಎಲ್ಲರಿಗೂ ಒಂದೇ ರಿಯಾಯಿತಿ ಸಲ್ಲಬೇಕಿಲ್ಲ. ಮುಂದೆ ಫ್ರಾನ್ಸ್‌ನ ತಾರೆಯಾದ ಪೊಗ್ಬಾ ಅವರೊಂದಿಗೆ 2011ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಇಂಗ್ಲೆಂಡ್‌ನ ಕಿರಿಯರ ಟೂರ್ನಿಯಾದ ಯುವ ಎಫ್.ಎ. ಕಪ್ ಗೆದ್ದುಕೊಟ್ಟ ರಾವೆಲ್ ಮಾರಿಸನ್ ಅವರಿಗೆ ಅವಕಾಶಗಳು ಕಡಿಮೆಯಾಗಲಿಲ್ಲ. 2013ರಲ್ಲಿ ವೆಸ್ಟ್ ಹ್ಯಾಮ್ ಪರವಾಗಿ ಟಾಟನ್‌ಹ್ಯಾಮ್ ಡಿಫೆಂಡರ್‌ಗಳ ನಡುವೆ ಒಬ್ಬರೇ ಓಡಿಹೋಗಿ ಹೊಡೆದ ಗೋಲು ಅವರಲ್ಲಿ ಏನಿತ್ತು ಎಂಬುದಕ್ಕೆ ಸಾಕ್ಷಿ. ಕ್ಲಬ್‌ನಿಂದ ಕ್ಲಬ್‌ಗೆ ದಾಟುತ್ತ ಹೋದ ಮುಂದಿನ ವರ್ಷಗಳಿಗೆ ಅವರೂ ಹೊಣೆ ಎಂದರೆ ಅನ್ಯಾಯವಾಗಲಾರದು.

ಪ್ರಶ್ನೆ: ಜರ್ಮನಿಯ ಮಾರಿಯೊ ಗೋಟ್ಸೆ ಅವರನ್ನು ಈ ಪಟ್ಟಿಗೆ ಸೇರಿಸುತ್ತೀರಾ?

ಉತ್ತರ: ಇಲ್ಲ. 2014ರ ವಿಶ್ವಕಪ್ ಫೈನಲ್‌ನ 113ನೆಯ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದವರಿಂದ ಇನ್ನೂ ಬಾಕಿ ಬರಬೇಕಿದೆ ಎನ್ನುವುದು ದುರಾಸೆ.

ಪ್ರಶ್ನೆ: ನೀವು ಒಬ್ಬರನ್ನೇ ಆರಿಸಬೇಕಾದರೆ ಯಾರನ್ನು ಆರಿಸುವಿರಿ?

ಉತ್ತರ: ಹಿರಿಯ ಅಭಿಮಾನಿಗಳು ಮ್ಯಾಂಚೆಸ್ಟರ್ ಯುನೈಟೆಡ್‌ನ ಡಂಕನ್ ಎಡ್ವರ್ಡ್ಸ್ ಎನ್ನುತ್ತಾರೆ. 1958ರ ಫೆಬ್ರವರಿ 6ರ ಮ್ಯೂನಿಕ್ ವಿಮಾನ ಅಪಘಾತದಲ್ಲಿ ಗಾಯಗೊಂಡು ಹದಿನೈದು ದಿನಗಳ ಬಳಿಕ ತೀರಿಕೊಂಡಾಗ ಅವರಿಗೆ ಇಪ್ಪತ್ತೊಂದು ವರ್ಷ. ಅಷ್ಟರೊಳಗೆ ಅವರು ಎರಡು ಲೀಗ್ ಪ್ರಶಸ್ತಿ ಗೆದ್ದು, ಇಂಗ್ಲೆಂಡ್ ಪರವಾಗಿ 18 ಪಂದ್ಯ ಆಡಿದ್ದರು. ಅವರ ಬದುಕು ಮೊಟಕಾಯಿತು, ಆಟ ಅದಾಗಲೇ ಮಾಗಿತ್ತು. ಬದುಕಿ, ಆಡಿ, ಆದರೂ ತಮ್ಮ ಎತ್ತರವನ್ನು ಉಳಿಸಿಕೊಳ್ಳಲಾಗದವರಲ್ಲಿ ನನ್ನ ಮತ ಅಡ್ರಿಯಾನೊ ಅವರಿಗೆ. ಡೈಸ್ಲರ್ ಎನ್ನುವವರೊಡನೆ ನನಗೆ ಜಗಳವಿಲ್ಲ.