ಆ ಐನೂರು ಪತ್ರಗಳನ್ನು ಬರೆಸಬೇಡಿ

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ಓದುಗರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಂಸ್ಥೆಯ ಪರವಾಗಿ ಸರ್ಕಾರ, ಶಾಸಕರು, ಜನ ಇವರೊಂದಿಗೆಲ್ಲ ವ್ಯವಹರಿಸುವ ವಿಭಾಗದಲ್ಲಿ 11 ವರ್ಷದಿಂದ ಇದ್ದೀರಿ. ಮಸೂದೆಗಳ ಮೇಲೆ ಕಣ್ಣಿಡುವುದರಿಂದ ಹಿಡಿದು ಅಹವಾಲು ಬರೆಯುವವರೆಗೆ ಎಲ್ಲವನ್ನೂ ಇನ್ನು ಎಐನಿಂದಲೇ ಮಾಡಿಸಿ ಎಂದು ಮೇಲಿನವರು ಹೇಳಿದ್ದಾರೆ. ಜೊತೆಗೆ, ಕರಡು ನಿಯಮವೊಂದನ್ನು ವಿರೋಧಿಸಿ ‘ಸಾಮಾನ್ಯ ನಾಗರಿಕರ’ ಹೆಸರಿನಲ್ಲಿ 500 ಪತ್ರ ಬರೆಸಿಕೊಡಿ, ಒಂದರ ಹಾಗೆ ಇನ್ನೊಂದು ಇರಬಾರದು ಎಂದೂ ಕೇಳಿದ್ದಾರೆ. ಒಲ್ಲೆ ಎಂದರೆ ಕೆಲಸ ಹೋಗುತ್ತದೆ, ಒಪ್ಪಿದರೆ ಮರ್ಯಾದೆ ಹೋಗುತ್ತದೆ ಎಂಬುದು ನಿಮ್ಮ ಸಂಕಟ.

ಎಐ ಬಳಸಿ ಎಂಬ ಮೊದಲ ಮಾತಿಗೆ ಧೈರ್ಯವಾಗಿ ಹೂಂ ಅನ್ನಿ. ನಿಮ್ಮ ಕೆಲಸದಲ್ಲಿ ಅರ್ಧ ದಿನ ಓದುವುದರಲ್ಲೇ ಕಳೆಯುತ್ತದೆ. ಹಳೆಯ ಕರಡಿಗೂ ಹೊಸದಕ್ಕೂ ಎಲ್ಲೆಲ್ಲಿ ವ್ಯತ್ಯಾಸ, ಸಮಿತಿಯ ಸಭೆಯಲ್ಲಿ ಯಾರು ಏನೆಂದರು, ನಿಮ್ಮ ವಿಷಯ ಯಾವ ಮೂಲೆಯ ತಿದ್ದುಪಡಿಯಲ್ಲಿ ಬಂದುಹೋಯಿತು ಎಂಬುದನ್ನು ಹುಡುಕಲು ಎಐ ನಿಜವಾಗಿ ನೆರವಾಗುತ್ತದೆ. ಆ ನೆರವನ್ನು ಬಿಡಬೇಡಿ.

ಆದರೆ ಸಾರಾಂಶ ಓದಿ ಮೂಲವನ್ನು ಮುಚ್ಚಿಡಬೇಡಿ. ಮೊನ್ನೆ ಲೇಖನವೊಂದಕ್ಕಾಗಿ ನಾನೇ 60 ಪುಟದ ಕರಡೊಂದನ್ನು ಎಐಗೆ ಕೊಟ್ಟು ಒಂದು ಪುಟದಲ್ಲಿ ತಿಳಿಸು ಎಂದೆ. ಸಣ್ಣ ಘಟಕಗಳಿಗೆ ವಿನಾಯಿತಿ ಇದೆ ಎಂದಿತು. ಮೂಲ ತೆರೆದು ನೋಡಿದರೆ ಅದೇ ವಿನಾಯಿತಿಯ ಕೆಳಗೆ ‘ಪರಂತು’ ಎಂದು ಶುರುವಾಗುವ ನಾಲ್ಕು ಸಾಲು: 2 ವರ್ಷ ಕಳೆದ ಮೇಲೆ ವಿನಾಯಿತಿ ರದ್ದು. ಆ ನಾಲ್ಕು ಸಾಲನ್ನು ಬಿಟ್ಟು ನೀವು ಶಾಸಕರ ಮುಂದೆ ಕುಳಿತಿದ್ದರೆ? 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಇಬ್ಬರು ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಇನ್ನೊಂದು ಮಾತು: ಸಂಸ್ಥೆಯ ಗೋಪ್ಯ ಟಿಪ್ಪಣಿಗಳನ್ನು ಎಲ್ಲರೂ ಬಳಸುವ ಉಚಿತ ಎಐಗೆ ಹಾಕಬೇಡಿ.

ಇನ್ನು ಆ 500 ಪತ್ರ. ಅದು ಬೇಡ, ಖಂಡಿತ ಬೇಡ.

2017ರಲ್ಲಿ ಅಮೆರಿಕದ ಫೆಡರಲ್ ಸಂವಹನ ಆಯೋಗ, ಇಂಟರ್‌ನೆಟ್ ಕಂಪನಿಗಳು ಎಲ್ಲ ಜಾಲತಾಣಗಳನ್ನೂ ಭೇದವಿಲ್ಲದೆ ಒಂದೇ ರೀತಿ ನೋಡಬೇಕೆಂಬ ನೆಟ್ ನ್ಯೂಟ್ರಾಲಿಟಿ ನಿಯಮಗಳನ್ನು ಕೈಬಿಡುವ ಮುನ್ನ ಜನರ ಅಭಿಪ್ರಾಯ ಕೇಳಿತು. 2.2 ಕೋಟಿಗೂ ಹೆಚ್ಚು ಬಂದವು. ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಕಚೇರಿ 2021ರಲ್ಲಿ ವರದಿ ಕೊಟ್ಟಿತು. 77 ಲಕ್ಷ ಪತ್ರಗಳನ್ನು 19 ವರ್ಷದ ಒಬ್ಬ ವಿದ್ಯಾರ್ಥಿ ಸಾಫ್ಟ್‌ವೇರ್‌ನಿಂದ ಕಳಿಸಿದ್ದ. 85 ಲಕ್ಷ ಪತ್ರಗಳ ಹಿಂದೆ ಬ್ರಾಡ್‌ಬ್ಯಾಂಡ್ ಉದ್ಯಮದ ಹಣವಿತ್ತು. ತಮ್ಮ ಹೆಸರು ಬಳಕೆಯಾಗಿದೆ ಎಂಬುದೇ ಲಕ್ಷಾಂತರ ಜನರಿಗೆ ತಿಳಿದಿರಲಿಲ್ಲ. ಆಗ ಇಂದಿನ ಎಐ ಇರಲಿಲ್ಲ. ಒಂದೇ ಒಕ್ಕಣೆ ಮತ್ತೆ ಮತ್ತೆ ಬಂದದ್ದರಿಂದ ಎಷ್ಟೋ ಸಿಕ್ಕಿಬಿದ್ದವು. ನಿಮ್ಮ ಮೇಲಿನವರು ‘ಒಂದರ ಹಾಗೆ ಇನ್ನೊಂದು ಬೇಡ’ ಎಂದಿರುವುದು ಅದಕ್ಕೇ.

ಈ ಮೋಸ ಫಲಿಸುವುದಿಲ್ಲ ಎಂದು ನಾನು ಹೇಳಲಾರೆ. 2020ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ 7,000ಕ್ಕೂ ಹೆಚ್ಚು ರಾಜ್ಯ ಶಾಸಕರಿಗೆ ಸುಮಾರು 32,000 ಇಮೇಲ್ ಕಳಿಸಿದರು; ಕೆಲವನ್ನು ವಿದ್ಯಾರ್ಥಿಗಳು ಬರೆದಿದ್ದರು, ಕೆಲವನ್ನು ಎಐ. ಉತ್ತರ ಬಂದ ಪ್ರಮಾಣದಲ್ಲಿ ಇದ್ದ ಅಂತರ ಶೇ 2ರಷ್ಟೂ ಅಲ್ಲ. ನನ್ನನ್ನು ಹೆದರಿಸುವುದು ಇದೇ. ಇದು ತಿಳಿದ ಶಾಸಕರು ನಾಳೆ ಯಾವ ಪತ್ರವನ್ನು ನಂಬಬೇಕು? ರಾತ್ರಿ ಕೂತು, ಕಾಗುಣಿತ ತಪ್ಪಿದರೂ ಬಿಡದೆ, ತನ್ನ ಕಷ್ಟವನ್ನು ತಾನೇ ಬರೆದವರ ಪತ್ರವೂ ಅನುಮಾನದ ರಾಶಿಗೇ ಸೇರುತ್ತದೆ. ಓದುಗರ ಪತ್ರಗಳಿಂದಲೇ ಬದುಕುವ ಪತ್ರಿಕೆಯಲ್ಲಿ ಕುಳಿತ ನನಗೆ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮೇಲಿನವರ ಹತ್ತಿರ ಬರಿಗೈಯಲ್ಲಿ ಹೋಗಬೇಡಿ. ಈ ನಿಯಮ ಯಾರ ಯಾರ ಬದುಕಿಗೆ ತಾಗುತ್ತದೆ ಎಂದು ಎಐನಿಂದ ಪಟ್ಟಿ ಮಾಡಿಸಿ. ಅದರಲ್ಲಿ 20 ಜನರನ್ನು ನೀವೇ ಭೇಟಿಯಾಗಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಅಕ್ಷರ ತಿದ್ದಲು ಎಐ ಬಳಸಿದರೂ ಅವರಿಗೆ ಓದಿ ಹೇಳಿ, ಒಪ್ಪಿದ ಮೇಲೆ ಸಹಿ ಪಡೆಯಿರಿ. ನಿಯಮವನ್ನು ಬೆಂಬಲಿಸುವವರೂ ಸಿಗಬಹುದು. ಅದನ್ನೂ ಸಂಸ್ಥೆಗೆ ತಿಳಿಸಿ. 500 ನಕಲಿ ಪತ್ರಗಳಲ್ಲಿ ಒಂದು ಬಯಲಾದರೂ ನಿಮ್ಮ 11 ವರ್ಷದ ಪರಿಚಯಗಳೆಲ್ಲ ಬಾಗಿಲು ಹಾಕಿಕೊಳ್ಳುತ್ತವೆ ಎಂಬ ಲೆಕ್ಕವನ್ನು ಅವರ ಮುಂದಿಡಿ.

ಆ ಭೇಟಿಗಳು ನಡೆದರೆ ನನಗೆ ಬರೆಯಿರಿ. ಆ 20 ಜನ ಒಪ್ಪಿದರೆ ಅವರ ಮಾತನ್ನು ಇಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ